ಷರತ್ತು ಮುರಿದವನು

ವಿಮಾ ಕಂಪನಿಯ ಸರ್ವೇಯರ್ ಹೊಸ್ತಿಲಲ್ಲಿ ಕಾಣಿಸುವಷ್ಟರಲ್ಲಿ ಮೇಸ್ತ್ರಿ ಬೂದಿಯೊಳಗಿಂದ ಅದನ್ನು ಎತ್ತಿ ಪ್ಯಾಂಟಿನ ಎಡಜೇಬಿಗೆ ತುರುಕಿಕೊಂಡಿದ್ದ. ಕೈಗೆ ಹತ್ತಿದ ಮಸಿಯನ್ನು ಗೋಡೆಗೆ ಒರೆಸಿದ. ಗೋಡೆಯೂ ಮಸಿಯೇ. ಕೈ ಇನ್ನಷ್ಟು ಕಪ್ಪಾಯಿತು.

"ಏನನ್ನೂ ಮುಟ್ಟಿಲ್ಲ ತಾನೆ?" ಸರ್ವೇಯರ್ ಕೇಳಿದ.

"ಮುಟ್ಟೋಕೆ ಏನು ಉಳಿದಿದೆ, ಸಾರ್?"

ಉಳಿದದ್ದು ನಿಜಕ್ಕೂ ಕಡಿಮೆ. ಹಳೆಯ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುವ ಅಂಗಡಿ ಅದು. ಮುಂದೆ ಕೆಲಸದ ಕೋಣೆ, ಹಿಂದೆ ಮನೆ, ನಡುವೆ ಒಂದು ಮರದ ಬಾಗಿಲು. ಬೆಂಕಿ ಆ ಬಾಗಿಲನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಊಟ ಮುಗಿಸಿ ಕೆಲಸದ ಕೋಣೆಯಲ್ಲೇ ಚಾಪೆ ಹಾಸಿ ಒರಗಿದ್ದ ಮಗನನ್ನೂ ಬಿಟ್ಟಿರಲಿಲ್ಲ.

ಮನೆ, ಅಂಗಡಿ ಎರಡಕ್ಕೂ ಸೇರಿಸಿ ವಿಮೆ ಮಾಡಿಸಿದವನು ಆ ಮಗನೇ. "ಅಪ್ಪಾ, ನಮ್ಮದು ಎಣ್ಣೆಯಲ್ಲಿ ಮುಳುಗಿರೋ ಕಸುಬು. ಒಂದು ಕಿಡಿ ಬಿದ್ರೆ ನಾವು ಬೀದಿಗೆ ಬೀಳ್ತೀವಿ" ಎಂದು ಬೆನ್ನು ಬಿಡದೆ ಅಪ್ಪ ಅಮ್ಮ ಇಬ್ಬರಿಂದಲೂ ಸಹಿ ಹಾಕಿಸಿದ್ದ. ಷರತ್ತುಗಳನ್ನು ಗಟ್ಟಿಯಾಗಿ ಓದಿ ಹೇಳಿದ್ದ. "ಒಳಗೆ ಸಿಗರೇಟು ಸೇದಿದ್ರೆ ಎಲ್ಲಾ ನೀರಲ್ಲಿ ಹೋಮ. ಕೇಳಿಸ್ತಾ, ಹೊಗೆಬಂಡಿ?"

ಮೇಸ್ತ್ರಿ ಅಂದೇ ಸಿಗರೇಟು ಬಿಟ್ಟಿದ್ದ. ಬಿಟ್ಟಿದ್ದಾನೆಂದು ಹೆಂಡತಿಯಂತೂ ನಂಬಿದ್ದಳು.

ಅವಳು ಈಗ ಬಾಗಿಲಾಚೆಯ ಕಲ್ಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಮಗನ ಟವೆಲು. ನಾಲ್ಕಾಗಿ ಮಡಿಸುವಳು, ತುದಿಯನ್ನು ಒಳಮಡಿಕೆಗೆ ಸಿಕ್ಕಿಸುವಳು, ಬಿಚ್ಚುವಳು, ಮತ್ತೆ ಮಡಿಸುವಳು. "ಅಮ್ಮನ ಕೈಗೆ ಸಿಕ್ರೆ ಹೊಗೆಯನ್ನೂ ಮಡಿಚಿಡ್ತಾಳೆ" ಎಂದು ಮಗ ರೇಗಿಸುತ್ತಿದ್ದ. ಎಣ್ಣೆಯ ವಾಸನೆಗೆ ತಲೆ ಸಿಡಿಯುತ್ತದೆಂದು ಕೆಲಸದ ಕೋಣೆಗೆ ಮಾತ್ರ ಅವಳು ಕಾಲಿಡುತ್ತಿರಲಿಲ್ಲ.

"ಅವತ್ತು ನೀವೆಲ್ಲಿದ್ರಿ, ಅಮ್ಮಾ?" ಸರ್ವೇಯರ್ ಅವಳತ್ತ ತಿರುಗಿದ.

"ಸಾಮಾನು ತರೋಕೆ ಹೋಗಿದ್ದೆ ಕಣಪ್ಪಾ. ಹೋಗೋಕೆ ಮುಂಚೆ ಅವನಿಗೆ ಊಟ ಕೊಡೋಕೆ ಒಳಗೆ ಬಂದೆ. ಮಾರನೇ ದಿನ ಯಾರೋ ದೊಡ್ಡ ಗಿರಾಕಿ ಬರೋರಿದ್ರಂತೆ. ಅದಕ್ಕೇ ಮೂಗು ಮುಚ್ಕೊಂಡು ಒಂಚೂರು..."

"ಇವಳಿಗೇನು ಗೊತ್ತು, ಸಾರ್!" ಮೇಸ್ತ್ರಿ ನಡುವೆ ಬಾಯಿ ಹಾಕಿದ. "ಏಳು. ನಲ್ಲಿ ಹತ್ರ ಹೋಗಿ ಮುಖ ತೊಳ್ಕೊ. ಹೋಗು ಅಂದ್ನಲ್ಲ!"

ಅವಳು ಬೆಚ್ಚಿ ಗಂಡನನ್ನು ನೋಡಿದಳು. ಎದ್ದು ಹೋದಳು. ಸರ್ವೇಯರನ ಪೆನ್ನು ನಿಂತಿತು. ಕುಂಬಳಕಾಯಿ ಕಳ್ಳರು ಹೆಗಲು ಮುಟ್ಟಿ ನೋಡಿಕೊಳ್ಳುವುದನ್ನು ಅವನು ಬಹಳ ಕಂಡಿದ್ದ. ಆದರೂ ಹತ್ತಿರ ಬಂದು ದನಿ ತಗ್ಗಿಸಿದ.

"ನೋಡಿ ಮೇಸ್ತ್ರಿ, ನಾನೂ ಮಕ್ಕಳೊಂದಿಗ. ಪಾಲಿಶ್ ಉಜ್ಜೋ ಎಣ್ಣೆ ಬಟ್ಟೆಗಳನ್ನ ಎಲ್ಲಿಡ್ತಿದ್ರಿ?"

"ತಂತಿ ಮೇಲೆ. ಒಂದರ ಮೇಲೊಂದು ಬೀಳದ ಹಾಗೆ ಹರಡಿ."

"ಒಟ್ಟಿಟ್ರೆ ತಾವಾಗೇ ಕಾವು ಏರಿ ಹತ್ಕೊಳ್ತವೆ."

"ಅದು ಕಸುಬಿನ ಮೊದಲ ಪಾಠ, ಸಾರ್. ನನ್ನ ಮಗ ಅಕ್ಷರಕ್ಕಿಂತ ಮುಂಚೆ ಕಲಿತದ್ದು."

"ಯಾರಾದ್ರೂ ಮರೆತು ಒಟ್ಟಿದ್ರೆ ಅದು ಆಕಸ್ಮಿಕ. ಕಂಪನಿ ಕೊಡುತ್ತೆ. ತಲೆ ಮೇಲೊಂದು ಸೂರಾಗುತ್ತೆ. ನೀವೇನೂ ಹೇಳದಿದ್ರೆ ಅನುಮಾನ ನಿಮ್ಮ ಮೇಲೇ ಬರೋದು. ಪಾಲಿಸಿ ಇಬ್ಬರ ಹೆಸರಲ್ಲಿದೆ. ಏನು ಕಾರಣ ಬರೀತೀನೋ ಅದನ್ನ ನಿಮ್ಮ ಮನೆಯವರಿಗೂ ಓದಿ ಹೇಳ್ಬೇಕು. ಯೋಚನೆ ಮಾಡಿ."

ಮೇಸ್ತ್ರಿ ಯೋಚಿಸಿದ. ತಂಗಿಯ ಮನೆಯ ಪಡಸಾಲೆಯಲ್ಲಿ ಹಾಸಿದ್ದ ಎರಡು ಚಾಪೆಗಳು ಕಣ್ಣಿಗೆ ಬಂದವು. ದಿನ ಕಳೆದಂತೆ ತಂಗಿಯ ಗಂಡ ಪಾತ್ರೆ ಕುಕ್ಕುವ ಸದ್ದು ಜೋರಾಗುತ್ತಿತ್ತು. ಈ ವಯಸ್ಸಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಮರಳು ಕಾಗದ ಹಿಡಿಯಬೇಕು. ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು.

ನಲ್ಲಿಯಿಂದ ಅವಳು ವಾಪಸು ಬರುತ್ತಿದ್ದಳು. ಮುಖ ಒರೆಸಿದ ಟವೆಲನ್ನು ನಡೆಯುತ್ತಲೇ ಮಡಿಸುತ್ತಿದ್ದಳು.

"ಜೇಬಲ್ಲೇನು, ಮೇಸ್ತ್ರಿ?" ಸರ್ವೇಯರ್ ಥಟ್ಟನೆ ಕೇಳಿದ. "ಬಂದಾಗಿಂದ ನೋಡ್ತಿದೀನಿ, ಕೈ ಅಲ್ಲೇ ಇದೆ."

ಮೇಸ್ತ್ರಿಯ ಕೈ ಎಡಜೇಬಿನಿಂದ ಹಾರಿತು. ಅಂಗಿಯ ಜೇಬಿಗೆ ಹೋಗಿ ಒಂದು ಸಿಗರೇಟು ಪ್ಯಾಕನ್ನು ಹೊರಗೆಳೆಯಿತು. ಮಗ ಹೋದಮೇಲೆ ಕೊಂಡ ಹೊಸ ಪ್ಯಾಕು. ಮೇಲಿನ ಕಾಗದ ಇನ್ನೂ ಹೊಳೆಯುತ್ತಿತ್ತು.

"ಸಿಗರೇಟು!" ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದ. "ನಾನೇ ಸೇದಿದ್ದು. ಒಳಗೇ. ಮಗ ಮಲಗಿದ್ದ. ಆರಿಸದೆ ಬಿಸಾಕಿ, ಕುರ್ಚಿ ಕೊಟ್ಟು ಬರೋಕೆ ಹೋದೆ. ಬರ್ಕೊಳ್ಳಿ."

"ರೀ ಮೇಸ್ತ್ರಿ, ಷರತ್ತು ಗೊತ್ತಲ್ವಾ? ಬಿಡಿಗಾಸೂ ಹುಟ್ಟಲ್ಲ."

"ಬರ್ಕೊಳ್ಳಿ ಅಂದೆ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಟವೆಲು ಕೈಜಾರಿ ಬೂದಿಗೆ ಬಿತ್ತು. ಮದುವೆಯಾದಾಗಿನಿಂದ 'ರೀ' ಬಿಟ್ಟು ಕರೆಯದವಳು ಅಂದು ಮೊದಲ ಬಾರಿಗೆ ಏಕವಚನಕ್ಕೆ ಇಳಿದಳು.

"ಬಿಟ್ಟೆ ಅಂದಿದ್ಯಲ್ಲೋ... ಹೆತ್ತ ಮಗನ್ನ ಸುಟ್ಟುಬಿಟ್ಯಲ್ಲೋ, ಪಾಪಿ."

"ಹೌದು," ಎಂದ ಮೇಸ್ತ್ರಿ.

"ಇನ್ನು ನನ್ನ ಕಣ್ಣಿಗೆ ಬೀಳ್ಬೇಡ."

ಅವಳು ಟವೆಲನ್ನು ಎತ್ತಿಕೊಂಡಳು. ಮಡಿಸಲಿಲ್ಲ. ಮುದ್ದೆ ಮಾಡಿ ಎದೆಗೊತ್ತಿಕೊಂಡು, ತಿರುಗಿ ನೋಡದೆ ನಡೆದುಬಿಟ್ಟಳು. ಸರ್ವೇಯರನೂ ತಲೆ ಕೊಡವಿಕೊಂಡು ಹೊರಟ.

ಬೀದಿ ಖಾಲಿಯಾಗುವವರೆಗೆ ಮೇಸ್ತ್ರಿ ಅಲ್ಲಾಡಲಿಲ್ಲ. ಆಮೇಲೆ ಎಡಜೇಬಿಗೆ ಕೈ ಹಾಕಿ, ಒಟ್ಟಿದ್ದ ಬಟ್ಟೆಗಳ ರಾಶಿಯ ತಳದಲ್ಲಿ ಸುಡದೆ ಉಳಿದಿದ್ದ ಆ ಎಣ್ಣೆ ಬಟ್ಟೆಯನ್ನು ಅಂಗೈ ಮೇಲಿಟ್ಟುಕೊಂಡ.

ನಾಲ್ಕಾಗಿ ಮಡಿಸಿತ್ತು. ತುದಿಯನ್ನು ಒಪ್ಪವಾಗಿ ಒಳಮಡಿಕೆಗೆ ಸಿಕ್ಕಿಸಿತ್ತು.