ಸಾಂಬಾರಿನ ಮೇಲಿನ ಅಪವಾದ

“ಹೆಸರು ಹೇಳು, ನಾವು ಹೋಗ್ತೇವೆ” ಎಂದು ಅಣ್ಣು ಶೆಟ್ಟರು ನಿಝಾಮನ ಮೊಬೈಲ್ ಅಂಗಡಿಯ ಗಾಜಿನ ಮೇಲೆ ಮೊಣಕೈ ಊರಿದರು. ಗಾಜು ಕಿರುಗುಟ್ಟಿತು.

ಅವರ ಬೆನ್ನ ಹಿಂದೆ ತಂಗಿಯ ಗಂಡ ನಿತ್ಯಾನಂದ ಮುಖ ಬಾಡಿಸಿಕೊಂಡು ನಿಂತಿದ್ದ. ಸಿದ್ಧಕಟ್ಟೆಯಲ್ಲಿ ಹೋಟೆಲು ನಡೆಸಿಕೊಂಡು, ಸುತ್ತಲಿನ ಸಮಾರಂಭಗಳಿಗೆ ಅಡುಗೆ ಮಾಡಿ ಬಡಿಸುವವನು. ಅವನ ಬಗ್ಗೆ ‘ಚಾವಡಿ’ಯಲ್ಲಿ ಹೆಸರಿಲ್ಲದ ಬರಹವೊಂದು ಬಂದಿತ್ತು: “ಭಜನಾ ಮಂದಿರದ ಊಟದಲ್ಲಿ ನಿತ್ಯಾನಂದನ ಸಾಂಬಾರಿಗೆ ಬಿದ್ದ ನೊಣ ಈಜು ಕಲಿತು ಎದ್ದು ಹೋಯಿತು. ತೊಂಡೆಕಾಯಿ ಇನ್ನೂ ಪತ್ತೆಯಾಗಿಲ್ಲ. ಕೊತ್ತಂಬರಿ ಹುರಿದದ್ದು ಒಂದು ಹದ ಹೆಚ್ಚಾಗಿದೆ.”

ಅದನ್ನು ಭಾವನಿಗೆ ತೋರಿಸಿದ್ದು ನಿತ್ಯಾನಂದನೇ.

ಚಾವಡಿ ಎಂದರೆ ಫೇಸ್‌ಬುಕ್ಕಿನಂಥದ್ದು, ಆದರೆ ಅದಕ್ಕೆ ಕಂಪನಿ ಇಲ್ಲ, ಧಣಿ ಇಲ್ಲ. ಬೆಳ್ತಂಗಡಿಯ ಸಾಲಿಹಾ ಕಟ್ಟಿದ್ದು. ಮೂರು ಊರಿನ ಮೂರು ಕಂಪ್ಯೂಟರುಗಳಲ್ಲಿ ನಡೆಯುತ್ತದೆ. ಒಂದು ನಿಝಾಮನ ಅಂಗಡಿಯಲ್ಲಿ ಚಾರ್ಜರುಗಳ ರಾಶಿಯ ಹಿಂದೆ ಕೂತಿತ್ತು.

“ನನ್ನ ಹತ್ತಿರ ಹೆಸರಿನ ಒಂದು ತುಂಡು ಮಾತ್ರ ಉಂಟು ಶೆಟ್ರೇ. ಅದನ್ನು ನೋಡಿದ್ರೆ ನಿಮಗೆ ತಲೆಯೂ ಸಿಗುವುದಿಲ್ಲ, ಬಾಲವೂ ಸಿಗುವುದಿಲ್ಲ” ಎಂದ ನಿಝಾಮ್.

“ಎರಡೇ ಮಾತು ಹೇಳ್ತೇನೆ ಕೇಳು” ಎಂದು ಅಣ್ಣು ಶೆಟ್ಟರು ಶುರುಮಾಡಿದರು.

ಶೆಟ್ಟರ ಎರಡು ಮಾತು ಎಂದರೆ ಇಡೀ ತಾಲೂಕಿಗೆ ಗೊತ್ತು. ಅವರ ಅಧ್ಯಕ್ಷ ಭಾಷಣದ ನಡುವೆಯೇ ಚಪ್ಪರಕ್ಕೆ ಕಟ್ಟಿದ ಬಾಳೆಗೊನೆ ಹಣ್ಣಾಯಿತೆಂದು ಆಣೆ ಮಾಡಿ ಹೇಳುವವರಿದ್ದಾರೆ. ಭಜನಾ ಮಂದಿರದಲ್ಲೂ ಅವರು ಮೈಕು ಬಿಡುವಾಗ ಮಧ್ಯಾಹ್ನ ಮೂರು ದಾಟಿ, ಹಂಡೆಯಲ್ಲಿ ಅನ್ನ ಕಲ್ಲಾಗಿತ್ತು. ಬೈಗುಳ ತಿಂದವನು ನಿತ್ಯಾನಂದ. ಬರುವ ಭಾನುವಾರ ಯುವಕ ಮಂಡಲದ ಬೆಳ್ಳಿಹಬ್ಬ. ಅಧ್ಯಕ್ಷತೆ ಶೆಟ್ಟರದ್ದು, ಊಟ ನಿತ್ಯಾನಂದನದ್ದು.

ನಿಝಾಮ್ ಎರಡು ಮಾತನ್ನೂ ಪೂರ್ತಿ ಕೇಳಿದ. ತುಂಡು ಕೊಡಲಿಲ್ಲ.

“ಬಿಡುವವನಲ್ಲ ನಾನು. ಬೆಳ್ತಂಗಡಿಗೆ ಹೋಗುವ, ಕಾರು ಹತ್ತು” ಎಂದರು ಶೆಟ್ಟರು.

ನಿತ್ಯಾನಂದ ಹತ್ತಿದ. ಅವನಿಗೆ ಗೊತ್ತಾಗಬೇಕಾಗಿದ್ದದ್ದು ಒಂದೇ: ಬರೆದವರ ಹೆಸರು ಹೊರಗೆ ಬರುತ್ತದೋ ಇಲ್ಲವೋ. ಹೋಟೆಲಿನ ಕಟ್ಟಡ ಭಾವನದ್ದು. ಹೆಂಡತಿ ಕಾಂತಿ ಭಾವನ ಒಬ್ಬಳೇ ತಂಗಿ. ಅವನ ಕಸುಬು, ಮರ್ಯಾದೆ, ಮನೆಯ ನೆಮ್ಮದಿ ಎಲ್ಲ ಆ ಒಂದು ಹೆಸರಿಗೆ ಜೋತುಬಿದ್ದಿತ್ತು.

“ಕೊತ್ತಂಬರಿ ಹುರಿದ ಹದ ಹೇಳ್ತಾನೆಂದರೆ ಉಂಡು ಹೋದವನಲ್ಲ ಭಾವ. ಅಡುಗೆ ಬಲ್ಲವನೇ” ಎಂದರು ಶೆಟ್ಟರು ದಾರಿಯಲ್ಲಿ.

“ಹಾಗೇ ಕಾಣ್ತದೆ” ಎಂದು ನಿತ್ಯಾನಂದ ಕಿಟಕಿಯ ಹೊರಗೆ ನೋಡಿದ.

ಬೆಳ್ತಂಗಡಿಯಲ್ಲಿ ಸಾಲಿಹಾ ಸಮಾಧಾನವಾಗಿ ಕುರ್ಚಿ ಎಳೆದುಕೊಟ್ಟಳು. “ನಾವು ಹೆಸರನ್ನು ಮೂರು ತುಂಡು ಮಾಡಿ ಮೂರು ಊರಲ್ಲಿ ಇಟ್ಟಿದ್ದೇವೆ. ಮೂವರೂ ಒಪ್ಪಿದರೆ ಮಾತ್ರ ಜೋಡಿಸಲಿಕ್ಕೆ ಬರುವುದು. ಅದೂ ಯಾರಿಗಾದರೂ ಜೀವ ಬೆದರಿಕೆ ಇದ್ದರೆ, ಊರಿಗೆ ಬೆಂಕಿ ಹಾಕುವ ಸುಳ್ಳು ಇದ್ದರೆ. ಸಾಂಬಾರಿಗಲ್ಲ.”

“ಎಮ್ಮೆಲ್ಯೆ ಹತ್ತಿರ ಫೋನ್ ಮಾಡಿಸ್ತೇನೆ.”

“ನನ್ನ ಅಪ್ಪನೇ ಕೇಳಿ ಆಗಿದೆ ಶೆಟ್ರೇ. ಅವರು ಗಡ್ಡಕ್ಕೆ ಬಣ್ಣ ಹಾಕುವುದನ್ನು ಯಾರೋ ಬರೆದಿದ್ದರು. ಅವರಿಗೂ ಹೇಳಲಿಲ್ಲ. ಈಗ ನಮ್ಮ ಮನೆಯಲ್ಲಿ ನನ್ನ ಹತ್ತಿರ ಮಾತಾಡುವುದು ಅಮ್ಮ ಮಾತ್ರ.”

“ಹೋಗಲಿ, ಆ ನೊಣವನ್ನಾದರೂ ತೆಗಿ ಮಾರಾಯ್ತಿ. ಒಂದು ಶಬ್ದ.”

“ನಾನು ಇಲ್ಲಿ ಒಂದಕ್ಷರ ತಿದ್ದಿದರೂ ಉಳಿದೆರಡು ಕಂಪ್ಯೂಟರು ಬೆಳ್ತಂಗಡಿಯದ್ದು ಕಳ್ಳ ಪ್ರತಿ ಅಂತ ಬೊಬ್ಬೆ ಹಾಕ್ತವೆ. ಬರೆದದ್ದು ಬರೆದ ಹಾಗೆಯೇ ಇರಬೇಕು.”

ನಿತ್ಯಾನಂದ ಕೇಳಿದ: “ಯಾರು ಬಂದು ಕೇಳಿದರೂ ಕೊಡುವುದಿಲ್ಲವಾ? ಭಾವನಂಥವರು ದಿನಾ ಬಂದು ಕೂತರೂ?”

“ದಿನಾ ಬಂದರೆ ಇನ್ನೊಂದು ಕುರ್ಚಿ ತರಿಸ್ತೇನೆ.”

ನಿತ್ಯಾನಂದ ಉದ್ದಕ್ಕೆ ಉಸಿರು ಬಿಟ್ಟ. ಶೆಟ್ಟರು ಅವನ ಹೆಗಲು ತಟ್ಟಿದರು. “ಬೇಜಾರು ಮಾಡಬೇಡ ಭಾವ. ಮೂರನೆಯ ತುಂಡು ಇರುವುದು ಮೂಡುಬಿದಿರೆಯಲ್ಲಿ, ನಮ್ಮದೇ ಹುಡುಗಿಯ ಹತ್ತಿರ.”

ಸುರಕ್ಷಾ ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವವಳು, ಶೆಟ್ಟರ ಚಿಕ್ಕಮ್ಮನ ಮೊಮ್ಮಗಳು. ಶೆಟ್ಟರು ಅವಳ ನಾಮಕರಣದಿಂದ ಹಿಡಿದು ಎರಡು ಮಾತು ಹೇಳಿದರು. ಚಾ ಆರಿತು. ಬಿಸಿ ಮಾಡಿ ತಂದದ್ದೂ ಆರಿತು.

“ಮಾವ, ಚಾ ಬೇಕಾದರೆ ಇನ್ನೊಮ್ಮೆ ಬಿಸಿ ಮಾಡಿ ಕೊಡ್ತೇನೆ. ತುಂಡು ಕೊಡುವುದಿಲ್ಲ” ಎಂದಳು ಸುರಕ್ಷಾ.

ಶೆಟ್ಟರು ಬಾಯಿ ಮುಚ್ಚಿದರು. ಅಂಥದ್ದನ್ನು ಈ ಸೀಮೆಯಲ್ಲಿ ಕಂಡವರಿಲ್ಲ. ನಿತ್ಯಾನಂದ ಮಾತ್ರ ತಟ್ಟೆಯಲ್ಲಿದ್ದ ಬಿಸ್ಕೂಟಂಬಡೆ ಮುಗಿಸಿ ಇನ್ನೆರಡು ಕೇಳಿ ಹಾಕಿಸಿಕೊಂಡ. ಸೋತವನ ನಾಲಿಗೆಗೆ ಅಷ್ಟು ರುಚಿ ಇರಬಾರದಿತ್ತು.

“ನನ್ನಿಂದ ಆಗಲಿಲ್ಲ ಭಾವ” ಎಂದರು ಶೆಟ್ಟರು, ಹಿಂದಿರುಗುವಾಗ. ಅವರ ಸ್ವರ ಸಣ್ಣದಾಗಿತ್ತು.

“ನಿಮ್ಮಿಂದಲೇ ಆಗದಿದ್ದರೆ ಇನ್ನು ಯಾರಿಂದಲೂ ಆಗುವುದಿಲ್ಲ. ನನಗೆ ಸಮಾಧಾನ ಆಯಿತು.”

ಶೆಟ್ಟರ ಕಣ್ಣು ಒದ್ದೆಯಾಯಿತು.

ಸಂಜೆ ಹೋಟೆಲಿನ ಅಡುಗೆಮನೆಯಲ್ಲಿ ನಿತ್ಯಾನಂದ ಕೈ ಒರೆಸಿಕೊಂಡು ಚಾವಡಿ ತೆರೆದ. ತನ್ನ ಸಾಂಬಾರಿನ ಮೇಲೆ ತಾನೇ ಬರೆದಿದ್ದನ್ನು ಮತ್ತೊಮ್ಮೆ ಓದಿ, ನೊಣದ ಹತ್ತಿರ ಸ್ವಲ್ಪ ನಕ್ಕು, ಅದರ ಕೆಳಗೆ ಹೆಸರು ಹಾಕದೆ ಒಂದೊಂದೇ ಅಕ್ಷರ ಒತ್ತಿದ: “ಭಾನುವಾರ ಅಣ್ಣು ಶೆಟ್ಟರು ನಿಜವಾಗಿಯೂ ಎರಡೇ ಮಾತು ಆಡಲಿ. ಅನ್ನ ಆರುತ್ತದೆ.”