ಕಣ್ಣಂಚಿನ ಗೆರೆಗೆ ಯಾರ ಹೆಬ್ಬೆಟ್ಟು

ಬೆಳಿಗ್ಗೆ ಹನ್ನೊಂದಕ್ಕೆ ಹುಬ್ಬಳ್ಳಿಯ ಚರ್ಮದ ಕ್ಲಿನಿಕ್ಕಿನಲ್ಲಿ ಯಂತ್ರವು ವೀರೇಶಪ್ಪನ ಹೆಬ್ಬೆಟ್ಟನ್ನು ಒಪ್ಪಲಿಲ್ಲ.

ಮುಖದ ಮೇಲೆ ಸುಕ್ಕಿನ ಗೆರೆ ಮೂಡಲು ಕಾರಣರಾದವರು ಹೆಬ್ಬೆಟ್ಟು ಒತ್ತಿದರೆ ಮಾತ್ರ ಅದು ಅಳಿಯುತ್ತದೆ. ಸೂಜಿಯಾಗಲಿ, ಬೆಳಕಾಗಲಿ, ಲೇಪವಾಗಲಿ, ಎಲ್ಲಕ್ಕೂ ಅದೇ ನಿಯಮ. ವೀರೇಶಪ್ಪನ ಹೆಂಡತಿ ನೀಲಾಂಬಿಕೆ ಬೆಳಕಿನ ಚಿಕಿತ್ಸೆಯನ್ನು ಆಯ್ದುಕೊಂಡಿದ್ದಳು. ಭಾನುವಾರ ಮಗಳ ನಿಶ್ಚಯ. ಫೋಟೊದಲ್ಲಿ ಕಣ್ಣಂಚು ನುಣುಪಾಗಿ ಕಾಣಬೇಕಿತ್ತು. ಗೆರೆಗಳಿಗೆ ಗಂಡನೇ ಕಾರಣ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

“ಇಷ್ಟು ವರ್ಷ ಎಲ್ಲಾ ನನ್ನ ತಲಿಗೇ ಕಟ್ಟಿದೆಲ್ಲ!” ಎಂದು ವೀರೇಶಪ್ಪ ಹಿಗ್ಗಿದ.

ಗೆರೆಗೆ ಕಾರಣರಾದವರೆಂದು ಯಂತ್ರದ ಪರದೆಯಲ್ಲಿ ಶಾಂಭವಿಯ ಹೆಸರು ಮೂಡಿತು. ಅವಳು ನೀಲಾಂಬಿಕೆಯ ಮೈದುನನ ಹೆಂಡತಿ. ಮನೆ ಪಾಲಾದಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ.

“ಖರೇನ ಐತಿ ಬಿಡ್ರಿ. ಅಕಿ ನನ್ನ ಭಾಳ ಅಳಿಸ್ಯಾಳ,” ಎಂದಳು ನೀಲಾಂಬಿಕೆ.

“ಅಳುವಿನ ಗೆರಿ ಅಲ್ರಿ ಅಮ್ಮಾರ, ಇವು ನಗುವಿನವು,” ಎಂದರು ಡಾಕ್ಟರು.

ನೀಲಾಂಬಿಕೆ ಕನ್ನಡಿಗೆ ಮುಖ ಹತ್ತಿರ ತಂದು ನೋಡಿಕೊಂಡಳು. ಅಡುಗೆಮನೆಯಲ್ಲಿ ಅತ್ತೆಯ ನಡಿಗೆಯನ್ನು ಅಣಕಿಸುತ್ತಿದ್ದ ಶಾಂಭವಿ ನೆನಪಾದಳು. ಹಂಚಿನ ಮೇಲಿನ ರೊಟ್ಟಿ ಸೀದುಹೋಗುವಷ್ಟು ಇಬ್ಬರೂ ನಗುತ್ತಿದ್ದರು. ಅವಳಿಗೆ ಫೋನು ಮಾಡಿ ವಿಷಯ ಹೇಳಿದಳು.

“ಬಂದು ಒತ್ತತೇನಿ ಅಕ್ಕಾ,” ಎಂದಳು ಶಾಂಭವಿ. “ಹೋದ ವರ್ಷ ನಾನೂ ಗೆರಿ ತೆಗಸಾಕ ಹೋಗಿದ್ದೆ. ನಿಮ್ಮ ಹೆಸರು ಬಂತು.”

“ಮತ್ತ ನನ್ನ ಯಾಕ ಕರೀಲಿಲ್ಲ?”

“ಇರಲಿ ಬಿಡು ಅಂತ ಹೊಳ್ಳಿ ಬಂದೆ.”

ಮಧ್ಯಾಹ್ನ ಶಾಂಭವಿ ಕ್ಲಿನಿಕ್ಕಿಗೆ ಬಂದಳು. ಭಾನುವಾರದ ಫೋಟೊದಲ್ಲಿ ಅವರಿಬ್ಬರೂ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಕಣ್ಣಂಚಿನ ಗೆರೆಗಳೂ ಹಾಗೆಯೇ ಇವೆ.