ಒಂದು ಕೊಡಕ್ಕೆ ಒಂದು ಕೂಗು

ಸತ್ತವರ ಪಾಲಿನ ಕೊನೆಯ ಕೊಡ ನೀರನ್ನು ಮನೆಯವರು ಏನು ಬೇಕಾದರೂ ಮಾಡಬಹುದು. ಹೆಚ್ಚಿನವರು ಕುಡಿಯುತ್ತಾರೆ. ಚನ್ನಾಜಮ್ಮ ಗಂಡನ ಕೊಡವನ್ನು ಹಳೆಯ ಉಗಿಬಂಡಿಗಳ ಮ್ಯೂಸಿಯಮ್ಮಿಗೆ ಹೊತ್ತು ತಂದಳು. ನೀರನ್ನು ತಲೆಗಿಷ್ಟೆಂದು ಹಂಚತೊಡಗಿದ ವರ್ಷವೇ ಉಗಿ ಇಂಜಿನ್ನುಗಳೆಲ್ಲ ನಿಂತಿದ್ದವು. ಅವಳ ಗಂಡ ಓಡಿಸುತ್ತಿದ್ದ ಇಂಜಿನ್ನೂ ಇಲ್ಲೇ ಇತ್ತು.

"ಒಂದು ಕೊಡಕ್ಕೆ ಒಂದು ಕೂಗು ಅಷ್ಟೇ ಬರೋದು, ಅಮ್ಮ," ಎಂದ ಇಂಜಿನ್ ನೋಡಿಕೊಳ್ಳುವ ಬಾಷಾ. "ಹ್ಯಾಗೆ ಕೂಗಿಸ್ಲಿ?"

"ನಮ್ಮವರು ಊರ ರೈಲ್ವೆ ಗೇಟ್ ದಾಟುವಾಗ ಉದ್ದಕ್ಕೆ ಎಳೆದು, ಕೊನೇಲಿ ಚೂರುಚೂರೇ ಬಿಡ್ತಿದ್ರು. ನಾನು ಅನ್ನಕ್ಕೆ ಎಸರಿಡ್ಲಿ ಅಂತ."

ಮಗಳು ಲೋಲಾಕ್ಷಿ ಅವಳ ತೋಳು ಹಿಡಿದಳು. "ಇನ್ನೊಂದ್ಸಲ ಯೋಚನೆ ಮಾಡಮ್ಮ. ಮನೇಲಿ ನಾಳೆವರೆಗೂ ಒಂದು ಹನಿ ಇಲ್ಲ."

ಚನ್ನಾಜಮ್ಮ ಕೊಡ ಬಗ್ಗಿಸಿದಳು.

ನೀರು ಕಾಯುವ ಹೊತ್ತಿಗೆ ಮ್ಯೂಸಿಯಂ ನೋಡಲು ಬಂದವರೆಲ್ಲ ಟವೆಲು, ದುಪಟ್ಟಾ ಬಿಚ್ಚಿ ಹಿಡಿದು ಇಂಜಿನ್ನಿನ ಸುತ್ತ ನೆರೆದರು. ಉಗಿಯನ್ನು ಬಟ್ಟೆಗೆ ಹಿಡಿದು ಬಾಟಲಿಗೆ ಹಿಂಡಿಕೊಳ್ಳುವುದು ಎಲ್ಲರಿಗೂ ರೂಢಿ. ಬಾಷಾ ಹಗ್ಗ ಎಳೆದ.

ಕೂಗು ಶೆಡ್ಡಿನ ತಗಡಿಗೆ ಬಡಿದು, ಉದ್ದಕ್ಕೆ ಹೋಗಿ, ಕೊನೆಯಲ್ಲಿ ತುಂಡುತುಂಡಾಗಿ ನಿಂತಿತು. ಥೇಟ್ ಅವರದೇ ಕೈ. ಜನ ಬಟ್ಟೆ ಹಿಂಡಿಕೊಂಡು ಮುಂದಿನ ಇಂಜಿನ್ನಿನ ಕಡೆ ಹೋದರು.

ಚನ್ನಾಜಮ್ಮ ಬರಿಗೊಡವನ್ನು ಸೊಂಟಕ್ಕೇರಿಸಿ ಬಾಗಿಲ ಕಡೆ ಬಿರಬಿರನೆ ನಡೆದಳು.

"ಎಲ್ಲಿಗಮ್ಮ?" ಲೋಲಾಕ್ಷಿ ಹಿಂದೆಯೇ ಓಡಿದಳು.

"ಗೇಟ್ ದಾಟಿದ್ರಲ್ಲೇ," ಎಂದಳು ಅವಳು, ತಿರುಗಿ ನೋಡದೆ. "ಎಸರಿಡ್ಬೇಕು."